ಕತ್ತಿನ ಗಡ್ಡೆ ವಾರಗಳಲ್ಲೇ ಬೆಳೆದರೆ

ಥೈರಾಯ್ಡ್ ಗಡ್ಡೆಗಳಲ್ಲಿ ಹೆಚ್ಚಿನವು ನಿರುಪದ್ರವಿಗಳು. ವರ್ಷಗಟ್ಟಲೆ ಇದ್ದಷ್ಟೇ ಇರುತ್ತವೆ. ಆದರೆ ಅರವತ್ತು ದಾಟಿದ ಹೆಣ್ಣುಮಗಳ ಕತ್ತು ಕೆಲವೇ ವಾರಗಳಲ್ಲಿ ದಪ್ಪಗಾಗಿ, ದನಿ ಗೊಗ್ಗರಾಗಿ, ತುತ್ತು ನುಂಗುವುದು ಕಷ್ಟವಾಗಿ, ಅಂಗಾತ ಮಲಗಿದರೆ ಉಸಿರು ಕಟ್ಟುವಂತಾದರೆ ಅದು ಕಾದು ನೋಡುವ ಗಡ್ಡೆಯಲ್ಲ. ಅದು ಒಂದು ಬಗೆಯ ಬಿಳಿ ರಕ್ತಕಣಗಳ ಕ್ಯಾನ್ಸರ್ ಆದ ಲಿಂಫೋಮಾ ಇರಬಹುದು. ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ಶೇ 5ರೊಳಗೇ.

ಇದರ ಬೇರು ಬಹುಮಟ್ಟಿಗೆ ಹಶಿಮೊಟೊ ಎಂಬ ಥೈರಾಯ್ಡ್ ಕಾಯಿಲೆಯಲ್ಲಿದೆ. ಜಪಾನಿನ ವೈದ್ಯ ಹಕಾರು ಹಶಿಮೊಟೊ 1912ರಲ್ಲಿ ನಾಲ್ವರು ಮಹಿಳೆಯರ ಥೈರಾಯ್ಡ್‌ನಲ್ಲಿ ಲಿಂಫೊಸೈಟ್ ಎಂಬ ಬಿಳಿ ರಕ್ತಕಣಗಳು ಕಿಕ್ಕಿರಿದಿರುವುದನ್ನು ವರ್ಣಿಸಿದ್ದರು. ಹೀಗೆ ಬಂದು ಬೀಡುಬಿಟ್ಟ ಕಣಗಳಲ್ಲೊಂದು ಎಷ್ಟೋ ವರ್ಷಗಳ ಮೇಲೆ ಹದ ತಪ್ಪಿ ಬೆಳೆಯುವುದುಂಟು. ಹಾಗೆಂದು ಈ ಕಾಯಿಲೆಗಾಗಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ನುಂಗುವವರೆಲ್ಲ ಹೆದರಬೇಕಿಲ್ಲ. ಅವರಲ್ಲಿ ಬಹುಪಾಲು ಜನರಿಗೆ ಲಿಂಫೋಮಾ ಎಂದೂ ಬರುವುದಿಲ್ಲ.

ತೊಡಕಿರುವುದು ಪತ್ತೆಯಲ್ಲಿ. ಸಣ್ಣ ಸೂಜಿಯ ಪರೀಕ್ಷೆಯಲ್ಲಿ ಸಿಗುವುದು ಬಿಡಿ ಕಣಗಳು ಮಾತ್ರ. ನಿಧಾನವಾಗಿ ಬೆಳೆಯುವ, ಮಾಲ್ಟ್ ಎಂಬ ಬಗೆಯ ಲಿಂಫೋಮಾದ ಕಣಗಳಿಗೂ ಹಶಿಮೊಟೊ ಕಣಗಳಿಗೂ ಅಲ್ಲಿ ವ್ಯತ್ಯಾಸ ಕಾಣುವುದೇ ಕಷ್ಟ. ಅದಕ್ಕೇ ಕೋರ್ ಬಯಾಪ್ಸಿ ಬೇಕು: ಕತ್ತಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಲೇ ದಪ್ಪ ಸೂಜಿಯಿಂದ ತೆಗೆದ ಶಾವಿಗೆ ಎಳೆಯಂಥ ತುಣುಕು ಫಾರ್ಮಲಿನ್ ಸೀಸೆಗೆ ಬೀಳುತ್ತದೆ. ಕಣಗಳ ಮೇಲಿನ ಸಿಡಿ20ಯಂಥ ಗುರುತುಗಳನ್ನು ಹುಡುಕಿ ಲಿಂಫೋಮಾದ ಬಗೆಯನ್ನು ಹೇಳುವುದು ಆ ತುಣುಕಿನಿಂದಲೇ. ಇಷ್ಟೇ ವೇಗವಾಗಿ ಬೆಳೆಯುವ ಅನಾಪ್ಲಾಸ್ಟಿಕ್ ಎಂಬ ಇನ್ನೊಂದು ಥೈರಾಯ್ಡ್ ಕ್ಯಾನ್ಸರ್‌ನಲ್ಲಿ ಬದುಕು ಸಾಮಾನ್ಯವಾಗಿ ತಿಂಗಳುಗಳ ಲೆಕ್ಕ. ಲಿಂಫೋಮಾ ಆದರೆ ಅನೇಕರು ಗುಣವಾಗುತ್ತಾರೆ. ಇವೆರಡರಲ್ಲಿ ಯಾವುದೆಂದು ತಿಳಿಯದೆ ಮನೆಯವರಿಗೆ ಆಸೆ ಬಿಡಿ ಎನ್ನುವುದು ಘೋರ ಅನ್ಯಾಯ.

ಇನ್ನೊಂದು ಎಚ್ಚರ: ಸ್ಟೀರಾಯ್ಡ್ ಕೊಟ್ಟರೆ ಲಿಂಫೋಮಾ ಗಡ್ಡೆ ಬೇಗ ಕುಗ್ಗುತ್ತದೆ, ಆಮೇಲೆ ತೆಗೆದ ತುಣುಕಿನಲ್ಲಿ ರೋಗದ ಚಹರೆಯೇ ಮಸುಕಾಗಿರಬಹುದು. ಉಸಿರಾಟಕ್ಕೆ ತಕ್ಷಣದ ಅಪಾಯವಿಲ್ಲದಿದ್ದರೆ ಬಯಾಪ್ಸಿ ಮೊದಲು.

ಉಳಿದ ಥೈರಾಯ್ಡ್ ಕ್ಯಾನ್ಸರ್‌ಗಳಂತೆ ಇಲ್ಲಿ ಇಡೀ ಗ್ರಂಥಿಯನ್ನು ಕತ್ತರಿಸಿ ತೆಗೆಯುವ ಅಗತ್ಯ ಅಪರೂಪ. ಹೆಚ್ಚಾಗಿ ಕಾಣುವ, ವೇಗವಾಗಿ ಬೆಳೆಯುವ ಬಗೆಗೆ ಆರ್-ಚಾಪ್ ಎಂಬ, ಹಲವು ಔಷಧಿಗಳ ಕೀಮೊ ಕೊಡುತ್ತಾರೆ. ಕೆಲವರಿಗೆ ಜೊತೆಗೆ ರೇಡಿಯೇಷನ್. ಆರ್ ಎಂದರೆ ಸಿಡಿ20ಯನ್ನೇ ಹಿಡಿಯುವ ರಿಟುಕ್ಸಿಮ್ಯಾಬ್. ಅಮೆರಿಕದಲ್ಲಿ 1997ರಲ್ಲಿ ಒಪ್ಪಿಗೆ ಪಡೆದ ಈ ಔಷಧಿಯ ದೇಶೀ ರೂಪವನ್ನು ಹೈದರಾಬಾದಿನ ಡಾ. ರೆಡ್ಡೀಸ್ 2007ರಲ್ಲಿ ತಂದಿತು. ಇದನ್ನು ಕೊಡುವ ಮುನ್ನ ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು, ಇಲ್ಲದಿದ್ದರೆ ಅಡಗಿ ಕುಳಿತ ವೈರಸ್ ಮತ್ತೆ ಕೆರಳಬಹುದು. ಕತ್ತಿನಲ್ಲಷ್ಟೇ ಇರುವ ಮಾಲ್ಟ್ ಬಗೆಗೆ ಎಷ್ಟೋ ಸಲ ರೇಡಿಯೇಷನ್ ಒಂದೇ ಸಾಕಾಗುತ್ತದೆ. ಥೈರಾಯ್ಡ್ ಮಾತ್ರೆ ಮಾತ್ರ ಆಮೇಲೂ ಮುಂದುವರಿಯುವುದೇ ಹೆಚ್ಚು.