ಕಾಮಾಲೆ: ನೆಲನೆಲ್ಲಿ ಮತ್ತು ಲಸಿಕೆ

ಕಾಮಾಲೆಗೆ ನೆಲನೆಲ್ಲಿಯ ರಸ ಕನ್ನಡಿಗರಿಗೂ ತಮಿಳರಿಗೂ ಚಿರಪರಿಚಿತವಾದ ಮನೆಮದ್ದು. ಕಾಮಾಲೆಯ ಕಾರಣಗಳಲ್ಲೊಂದು ಹೆಪಟೈಟಿಸ್-ಬಿ ವೈರಾಣು. ದೇಹದಲ್ಲಿ ನೆಲೆಯೂರಿದರೆ ಅದು ವರ್ಷಗಳ ಅನಂತರ ಯಕೃತ್ತಿನ ಕ್ಯಾನ್ಸರಿಗೂ ಎಡೆಗೊಡಬಲ್ಲುದು.

ಮದರಾಸಿನ ವಿಜ್ಞಾನಿ ಎಸ್.ಪಿ. ತ್ಯಾಗರಾಜನ್, ಈ ವೈರಾಣುವಿನ ಶೋಧಕ ಬರೂಕ್ ಬ್ಲೂಂಬರ್ಗ್ ಮೊದಲಾದವರು ರೋಗವಾಹಕರಿಗೆ ನೆಲನೆಲ್ಲಿಯ ಚೂರ್ಣವನ್ನು 30 ದಿನ ಕೊಟ್ಟು ಪರೀಕ್ಷಿಸಿದರು. 37 ಮಂದಿಯಲ್ಲಿ 22 ಮಂದಿಯ ರಕ್ತದಲ್ಲಿ ವೈರಾಣುವಿನ ಗುರುತು ಅಳಿದಿತ್ತೆಂದೂ, ಹುಸಿಮದ್ದು ಪಡೆದ 23 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಹಾಗಾಯಿತೆಂದೂ 1988ರಲ್ಲಿ ವರದಿಯಾಯಿತು. ಆದರೆ ಅನಂತರ ಬೇರೆಡೆ ನಡೆದ ಪ್ರಯೋಗಗಳು ಇದನ್ನು ಸಮರ್ಥಿಸಲಿಲ್ಲ.

ದೃಢವಾದ ರಕ್ಷಣೆ ದೊರೆತುದು ವೈರಾಣುವಿನ ಒಂದು ಜೀನನ್ನು ಯೀಸ್ಟಿನೊಳಗೆ ಸೇರಿಸಿ ತಯಾರಿಸಿದ ಲಸಿಕೆಯಿಂದ. ಶಿಶು ಜನಿಸಿದ 24 ಗಂಟೆಗಳೊಳಗೆ ಮೊದಲ ಲಸಿಕೆಯನ್ನು ಕೊಡಿಸತಕ್ಕದ್ದು. ಕಾಮಾಲೆ ಕಂಡಾಗ ಮನೆಮದ್ದಿಗೆ ಮುನ್ನ ರಕ್ತಪರೀಕ್ಷೆಯಾಗಲಿ.