ಗಾಜು ನೋಡಿ, ದೀಪ ಹೇಳಿ

ಹಳೇ ಮಿನಿ, ಎಂಜಿಬಿ ಕಾರುಗಳ ಮೂತಿಯಲ್ಲಿ ಜೋಡಿ ದೀಪ ನೋಡಿದ್ದೀರಲ್ಲ? ಎರಡೂ ಒಂದೇ ಅಂದುಕೊಂಡರೆ ಏಮಾರಿದಿರಿ!

ಲ್ಯೂಕಸ್ ಕಂಪನಿಯ 576 ದೀಪಗಳನ್ನೇ ತಗೊಳ್ಳಿ. ಗಾಜಿನಲ್ಲಿ ಉದ್ದುದ್ದ ಗೀರುಗಳಿದ್ದರೆ ಅದು ಎಸ್‌ಎಫ್‌ಟಿ, ಫಾಗ್ ಲ್ಯಾಂಪ್. ಬೆಳಕನ್ನು ಅಗಲಕ್ಕೆ ಹರಡುತ್ತೆ. ಗಾಜು ನುಣುಪಾಗಿದ್ದರೆ ಎಸ್‌ಎಲ್‌ಆರ್, ದೂರಕ್ಕೆ ಬೀರೋದು. ಮಂಜಿನಲ್ಲಿ ಅದನ್ನು ಹಚ್ಚಿದರೆ ಕಣ್ಣೆದುರು ಬರೀ ಬಿಳಿ ಗೋಡೆ.

ಫಾಗ್ ದೀಪ ತಗ್ಗಿನಲ್ಲೇ ಕೂರಲಿ, ಬೆಳಕು ಮಂಜಿನಡಿ ನುಸುಳಬೇಕು.

ಇನ್ನು ವೈರಿಂಗ್. 48 ವಾಟಿನ ಎರಡು ಬಲ್ಬು 12 ವೋಲ್ಟಿನಲ್ಲಿ ಎಳೆಯೋದು 8 ಆಂಪಿಯರ್. ಪಾಪ, ಆ ಮುದಿ ಸ್ವಿಚ್ಚಿನ ಮೇಲೆ ಹೇರಬೇಡಿ. ರಿಲೇ, ಫ್ಯೂಸ್ ಹಾಕಿ. 60ರ ದಶಕದ ಮೊದಲ ವರ್ಷಗಳ ಬ್ರಿಟಿಷ್ ಕಾರುಗಳಲ್ಲಿ ಹೆಚ್ಚಿನವು ಪಾಸಿಟಿವ್ ಅರ್ಥ್, ಅಂದರೆ ಬ್ಯಾಟರಿಯ ಪ್ಲಸ್ ತುದಿ ಕಾರಿನ ಬಾಡಿಗೆ. ತಂತಿ ಬಲ್ಬಿಗೆ ಅದರ ಹಂಗಿಲ್ಲ. ಮಾಮೂಲಿ ಎಲ್‌ಇಡಿ ತುರುಕಿದಿರೋ, ಹೊತ್ತೋದೇ ಇಲ್ಲ!