ಗಾಯ ಒಬ್ಬರದ್ದು, ಓಡಾಟ ಇಡೀ ಮನೆಯದ್ದು

ಶುಗರ್ ಇರುವವರ ಕಾಲಿನಲ್ಲಿ ಗಾಯವಾದರೆ ಡಾಕ್ಟರು ಚೀಟಿಯಲ್ಲಿ ಒಂದು ಸಾಲು ಬರೆಯುತ್ತಾರೆ: ದಿನ ಬಿಟ್ಟು ದಿನ ಡ್ರೆಸ್ಸಿಂಗ್. ಆ ಸಾಲಿನ ಲೆಕ್ಕ ಗೊತ್ತಾಗುವುದು ಮನೆಯವರಿಗೆ. ವಾರಕ್ಕೆ 3 ಸಲ ಅಂತ ಇಟ್ಟುಕೊಂಡರೂ 3 ತಿಂಗಳಲ್ಲಿ ಸುಮಾರು 36 ಸಲ ಆಸ್ಪತ್ರೆ. ಪ್ರತಿ ಸಲವೂ ರಿಕ್ಷಾ ಕರೆಯಬೇಕು, ಜೊತೆಗೊಬ್ಬರು ಹೋಗಬೇಕು, ಸರದಿಗೆ ಕಾಯಬೇಕು. ಡ್ರೆಸ್ಸಿಂಗಿಗೆ ಹದಿನೈದು ನಿಮಿಷ, ಕಳೆದುಹೋಗುವುದು ಅರ್ಧ ದಿನ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ತನಕ ಚಿಕಿತ್ಸೆ ಉಂಟು. ಆದರೆ ಅದರ ನೆರವು ಹೆಚ್ಚಾಗಿ ಸಿಗುವುದು ದಾಖಲಾದಾಗ. ರಿಕ್ಷಾ ಬಾಡಿಗೆಗೆ, ತಪ್ಪಿದ ಕೂಲಿಗೆ ಯಾವ ಕಾರ್ಡೂ ಇಲ್ಲ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರಕಾರಿ ಬಸ್ಸಿಗೆ ಮಾತ್ರ. ನಮ್ಮ ಕರಾವಳಿಯ ಎಷ್ಟೋ ಊರುಗಳಿಗೆ ಓಡುವುದು ಖಾಸಗಿ ಬಸ್ಸು. ಉಪ್ಪನನ್ನು ಕರೆದುಕೊಂಡು ಹೋದ ದಿನ ಉಮ್ಮನ ಬೀಡಿ ನಿಂತಿತು, ಮಗನ ಅಂಗಡಿ ಮುಚ್ಚಿತು.

ಹಾಗಾಗಿ ನಾಲ್ಕೈದು ವಾರ ಕಳೆಯುವಾಗ ರೋಗಿಯೇ ಹೇಳುತ್ತಾರೆ, "ಈಗ ನೋವೇ ಇಲ್ಲ, ಇನ್ನು ಸಾಕು." ಅಪಾಯ ಇರುವುದು ಇಲ್ಲಿಯೇ. ಶುಗರಿನಿಂದ ನರ ಮರಗಟ್ಟಿದ ಕಾಲಿಗೆ ಗಾಯ ಎಷ್ಟು ಆಳವಾದರೂ ನೋವು ಗೊತ್ತಾಗದು. ನೋವಿಲ್ಲ ಅಂದರೆ ವಾಸಿಯಾಯಿತು ಅಂತಲ್ಲ. ಓಡಾಟ ಸಾಕಾಗಿ ಅರ್ಧಕ್ಕೆ ಬಿಟ್ಟ ಗಾಯ ಕೊನೆಗೆ ಬೆರಳನ್ನೋ ಪಾದವನ್ನೋ ಕೇಳುತ್ತದೆ.

ಓಡಾಟ ಕಡಿಮೆ ಮಾಡಲು ದಾರಿ ಇಲ್ಲವೇ? ಉಂಟು. ಮೊದಲ ದಿನವೇ ಡಾಕ್ಟರಲ್ಲಿ ಕೇಳಿ: ಯಾವ ದಿನ ನಿಮ್ಮಲ್ಲಿಗೇ ಬರಬೇಕು, ಯಾವ ದಿನ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು? ಸತ್ತ ಚರ್ಮ ತೆಗೆಯುವುದು, ಆಳ ನೋಡುವುದು ಆಸ್ಪತ್ರೆಯ ಕೆಲಸ. ನಡುವಿನ ಬರೀ ಡ್ರೆಸ್ಸಿಂಗನ್ನು ಡಾಕ್ಟರು ಒಪ್ಪಿದರೆ ನರ್ಸಿನಿಂದ ಕಲಿತು ಮನೆಯಲ್ಲೇ ಮಾಡಬಹುದು. ಅರಸಿನ, ಪೌಡರ್, ಬಿಸಿನೀರಿನಲ್ಲಿ ಕಾಲು ಇಡುವುದು ಮಾತ್ರ ಬೇಡವೇ ಬೇಡ. ಮರಗಟ್ಟಿದ ಕಾಲು ಸುಟ್ಟರೂ ತಿಳಿಯದು.

ಗಾಯದ ಮೇಲೆ ಭಾರ ಹಾಕಿ ನಡೆದರೆ ಎಂತಹ ಡ್ರೆಸ್ಸಿಂಗೂ ವ್ಯರ್ಥ. ಭಾರ ತಪ್ಪಿಸುವ ಚಪ್ಪಲಿಯೋ ಪ್ಲಾಸ್ಟರೋ ಬೇಕೇ ಎಂದು ಕೇಳಿ. 4 ವಾರದಲ್ಲಿ ಗಾಯ ಅರ್ಧದಷ್ಟಾದರೂ ಕುಗ್ಗದಿದ್ದರೆ ಚಿಕಿತ್ಸೆ ಬದಲಿಸಬೇಕೇ ಎಂದೂ ಕೇಳಿ. ವಾಸನೆ, ಕಪ್ಪು ಬಣ್ಣ, ಹಬ್ಬುವ ಕೆಂಪು, ಜ್ವರ ಕಂಡರೆ ಮುಂದಿನ ಡ್ರೆಸ್ಸಿಂಗ್ ದಿನಕ್ಕೆ ಕಾಯಬೇಡಿ, ಅದೇ ದಿನ ಹೊರಡಿ.

ವುಝೂ ಮಾಡಲು ದಿನಕ್ಕೆ ಐದು ಸಲ ಬ್ಯಾಂಡೇಜ್ ಬಿಚ್ಚುವವರಿದ್ದಾರೆ. ಬ್ಯಾಂಡೇಜ್ ಇರುವವರಿಗೆ ವಿನಾಯಿತಿ ಇದೆ, ಕ್ರಮವನ್ನು ಉಸ್ತಾದರಲ್ಲಿ ಕೇಳಿ ತಿಳಿಯಿರಿ. ಗಾಯವಿಲ್ಲದ ಕಾಲನ್ನು ವುಝೂ ಆದ ಮೇಲೆ ಬೆರಳ ಸಂದಿಯವರೆಗೂ ಒರೆಸಿ ಒಣಗಿಸಬೇಕು.

ಗಲ್ಫಿನಲ್ಲಿರುವ ಮಗ ಹಣ ಕಳಿಸುತ್ತಾನೆ, ಸರಿ. ಆದರೆ ಗುರುವಾರ ಉಪ್ಪನ ಜೊತೆ ಹೋಗುವವರು ಯಾರು? ಮನೆಯವರು, ನೆರೆಯವರು ಸೇರಿ ಮೂರು ಹೆಸರು ಬರೆದು ಸರದಿ ಹಾಕಿಕೊಂಡರೆ ಒಬ್ಬರ ಮೇಲೆಯೇ ಹೊರೆ ಬೀಳದು. ತುರ್ತಿಗೆ ಓಡಿಬರುವ ಜಮಾಅತಿನ ಯುವಕರು ವಾರಕ್ಕೊಮ್ಮೆ ಡ್ರೆಸ್ಸಿಂಗಿಗೂ ಬೈಕೋ ಕಾರೋ ತಂದರೆ, ಒಂದು ಕಾಲು ಉಳಿದೀತು.

ಗಾಯ ಮುಚ್ಚಿದ ಮೇಲೂ ಕೆಲಸ ಮುಗಿಯಲಿಲ್ಲ. ವಾಸಿಯಾದ 100 ಮಂದಿಯಲ್ಲಿ ಸುಮಾರು 40 ಮಂದಿಗೆ ಒಂದೇ ವರ್ಷದೊಳಗೆ ಮತ್ತೆ ಗಾಯವಾಗುತ್ತದೆ. ರಾತ್ರಿ ಮಲಗುವ ಮುಂಚೆ ಎರಡೂ ಪಾದದ ಅಡಿ ನೋಡಿ. ಬಗ್ಗಲು ಆಗದಿದ್ದರೆ ಮೊಮ್ಮಕ್ಕಳಲ್ಲಿ ನೋಡಲು ಹೇಳಿ. ಚಪ್ಪಲಿ ಹಾಕುವ ಮುಂಚೆ ಒಳಗೆ ಕೈಯಾಡಿಸಿ. ಬರಿಗಾಲಲ್ಲಿ ಅಂಗಳಕ್ಕೂ ಇಳಿಯಬೇಡಿ. ದಿನಕ್ಕೆ ಎರಡು ನಿಮಿಷದ ಈ ಕೆಲಸಕ್ಕೆ ರಿಕ್ಷಾವೂ ಬೇಡ, ಸರದಿಯೂ ಬೇಡ.